ಮರಿಗಳನ್ನು ಓಡಿಸಬಾರದು

ನಾವು ಮೈಸೂರು ನೋಡಲು ಹೋದದ್ದು ಐವತ್ತೊಂಬತ್ತನೆಯ ಇಸವಿಯ ಡಿಸೆಂಬರಿನಲ್ಲಿ. ಎರಡು ದಿನದ ತಿರುಗಾಟಕ್ಕೆ ನಮ್ಮಪ್ಪ ಎರಡು ತಿಂಗಳು ತಯಾರಿ ಮಾಡಿದ. ಕುಣಿಗಲ್ಲಿನಲ್ಲಿ ಬಹಳ ಜನ ನಕ್ಕರು. ಯಾರು ಯಾರು ನಕ್ಕರು ಅನ್ನುವುದು ನನಗೆ ಇವತ್ತಿಗೂ ನೆನಪಿದೆ, ಕೇಳಿದರೆ ಹೆಸರು ಸಮೇತ ಹೇಳಬಲ್ಲೆ.

ನಮ್ಮಪ್ಪ ಕದರಯ್ಯ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಮರಿ ನೋಡಿಕೊಳ್ಳುವ ಆಳು. ಕುದುರೆ ಹತ್ತುವವರು ಬೇರೆ, ಪಳಗಿಸುವವರು ಬೇರೆ. ಮರಿಗಳ ಹಾಲು, ಮೇವು, ಗೊರಸು, ನಿದ್ದೆ, ಇಷ್ಟು ಮಾತ್ರ ನಮ್ಮಪ್ಪನದು. ಆ ಕೆಲಸದ ಬಗ್ಗೆ ಅವನಿಗಿದ್ದ ಜಂಬ ದೇಶ ಆಳುವವರಿಗೂ ಇರಲಾರದು. ಮನೆಯಲ್ಲಿದ್ದ ಮೂರು ಮರಿಗಳನ್ನೂ ಅದೇ ಕ್ರಮದಲ್ಲಿ ಸಾಕಿದ. ಹನ್ನೊಂದು ವರ್ಷದ ನಾನು ನರಸಿಂಹಮ್ಮ, ನನ್ನ ಕೆಳಗೆ ಎಂಟರ ಗಂಗಣ್ಣ, ಐದರ ಪುಟ್ಟರಂಗ. ಬೆಳಿಗ್ಗೆ ಎದ್ದರೆ ಮೊದಲು ನಮ್ಮ ಕಣ್ಣು ನೋಡುತ್ತಿದ್ದ, ಆಮೇಲೆ ಅಂಗಾಲು. ಬಿಸಿಲಿನಲ್ಲಿ ಆಡಿ ಬಂದರೆ ತಕ್ಷಣ ನೀರು ಕೊಡುತ್ತಿರಲಿಲ್ಲ, ಉಸಿರು ಇಳಿಯಲಿ ಎಂದು ಕೂರಿಸುತ್ತಿದ್ದ. ಒಂದು ದಿನ ಶಾಲೆಯ ಬಾಗಿಲಲ್ಲೇ ಬಗ್ಗಿ ನನ್ನ ಕಾಲು ಎತ್ತಿ ಮುಳ್ಳು ಹುಡುಕಿದ. ಗೆಳತಿಯರ ಎದುರು ಹಾಗೆ ಮಾಡಿದರೆ ಯಾರಿಗೆ ಮೈ ಉರಿಯುವುದಿಲ್ಲ?

ಮೈಸೂರಿಗೆ ಹೋಗುವ ಹುಚ್ಚು ಅವನಿಗೆ ಹತ್ತಿದ್ದು ಸರದಾರನಿಂದ. ಸರದಾರ ಅಂದರೆ ಒಂದು ಕುದುರೆ. ನಾನು ನಾಲ್ಕು ವರ್ಷದವಳಿದ್ದಾಗ ಫಾರಂನಲ್ಲಿ ಒಂದು ಕೆಂಚು ಮರಿ ಹುಟ್ಟಿತು, ಹುಟ್ಟಿದ ದಿನವೇ ಅದರ ತಾಯಿ ಸತ್ತಿತು. ಬದುಕುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮರಿಯನ್ನು ನಮ್ಮಪ್ಪ ಬಾಟಲಿ ಹಾಲು ಕುಡಿಸಿ ಉಳಿಸಿದ. ಮೂರು ವರ್ಷಕ್ಕೆ, ಇದು ರೇಸಿಗೆ ಸಾಲದು ಎಂದು ಮೈಸೂರಿನ ಕುದುರೆ ಪೊಲೀಸಿಗೆ ಕೊಟ್ಟರು. ಈ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೆವೋ ಲೆಕ್ಕವಿಲ್ಲ. ನಡುವೆ ಅಪ್ಪನಿಗೆ ಟೈಫಾಯ್ಡ್ ಬಂದು ನಲವತ್ತು ದಿನ ಹಾಸಿಗೆ ಹಿಡಿದದ್ದು, ಆಗ ಅವ್ವ ಅವನ ಖಾಕಿ ಕೋಟು ತೊಟ್ಟುಕೊಂಡು ಹೋಗಿ ಹಾಲು ಕೊಟ್ಟು ಬಂದದ್ದು, ಎಲ್ಲಾ ಒಂದೇ ಉಸಿರಿನಲ್ಲಿ ಮುಗಿಯುತ್ತಿತ್ತು. ಕೋಟಿನ ವಾಸನೆಗೆ ಮೋಸ ಹೋಗಿ ಮರಿ ಹಾಲು ಕುಡಿಯಿತು ಎಂದು ಅಪ್ಪ ನಗುತ್ತಿದ್ದ. ಅವ್ವ ಸೊಪ್ಪು ಬಿಡಿಸುತ್ತಿದ್ದಳು.

ಒಂದು ಸಂಜೆ ನಮ್ಮ ಜಗುಲಿಯಲ್ಲಿ ಕೂತು ಈ ಕಥೆ ಕೇಳಿದವರು ನಮ್ಮ ಶಾಲೆಯ ಜಯರಾಮಯ್ಯ ಮೇಷ್ಟ್ರು. ಈಗ ನೋಡಿದರೆ ಆ ಕುದುರೆ ನಿನ್ನ ಗುರುತು ಹಿಡಿಯುತ್ತದೆಯೇ ಎಂದು ಕೇಳಿದರು. ಹೋಗಿ ನಾಲ್ಕು ವರ್ಷವಾಯಿತು, ದಿನಕ್ಕೆ ಹತ್ತು ಜನ ಮೈ ಸವರುತ್ತಾರೆ, ಪ್ರಾಣಿಗೆ ಅಷ್ಟೆಲ್ಲ ನೆನಪು ಎಲ್ಲಿಯದು ಎಂದು ಅವರೇ ಉತ್ತರವನ್ನೂ ಹೇಳಿಕೊಂಡು ನಕ್ಕರು.

"ಗುರುತು ಹಿಡಿದೇ ಹಿಡೀತದೆ ಮೇಷ್ಟ್ರೇ," ಅಂದ ಅಪ್ಪ. "ಹಿಡೀದಿದ್ರೆ ಮರಿ ಸಾಕಿದೋನು ಅಂತ ನಾನು ಎಲ್ಲೂ ಹೇಳ್ಕೊಳ್ಳಲ್ಲ."

ಮಾತು ಬಾಯಿಂದ ಹೊರಟಿತು. ಮಾರನೆಯ ದಿನ ಫಾರಂ ತುಂಬ ಅದೇ ಸುದ್ದಿ. ನಾನೂ ಸುಮ್ಮನಿರಲಿಲ್ಲ, ಮೈಸೂರಿನ ಪೊಲೀಸ್ ಕುದುರೆ ನಮ್ಮಪ್ಪನನ್ನು ಕಂಡರೆ ಓಡಿ ಬರುತ್ತದೆ ಎಂದು ಕ್ಲಾಸಿನಲ್ಲಿ ಸಾರಿಬಿಟ್ಟೆ. ಹಾಗಾಗಿ ಅಪ್ಪನ ಮಾನದ ಜೊತೆಗೆ ನನ್ನದೂ ಸರದಾರನ ಕೈಯಲ್ಲಿ ಸಿಕ್ಕಿಕೊಂಡಿತು.

ಹೋಗುವುದೇ ಆದರೆ ಮಕ್ಕಳಿಗೆ ಊರೆಲ್ಲ ತೋರಿಸು ಎಂದು ಮೇಷ್ಟ್ರು ಒಂದು ಪಟ್ಟಿ ಬರೆದುಕೊಟ್ಟರು. ಅವರು ಮೈಸೂರಿನಲ್ಲಿ ಓದಿದವರು. ಬೆಳಿಗ್ಗೆ ಆರಕ್ಕೆ ಬೆಟ್ಟ, ಇಳಿಯುವಾಗ ನಂದಿ, ಎಂಟೂವರೆಗೆ ಅರಮನೆ, ಹತ್ತಕ್ಕೆ ಮೃಗಾಲಯ, ಹೀಗೆ ಕನ್ನಂಬಾಡಿಯ ತನಕ ಒಂದೇ ದಿನಕ್ಕೆ ಹದಿನಾಲ್ಕು ಜಾಗ. ಅಪ್ಪ ಎರಡೂ ಕೈಯಲ್ಲಿ ಗೌರವದಿಂದ ಅದನ್ನು ತೆಗೆದುಕೊಂಡು ನನ್ನಿಂದ ಓದಿಸಿದ. ಓದಿ ಮುಗಿಸುವಷ್ಟರಲ್ಲಿ ನನಗೆ ಕೂತಲ್ಲೇ ಕಾಲು ನೋಯುತ್ತಿತ್ತು.

"ಮರಿಗಳನ್ನ ಓಡಿಸಬಾರದು," ಅಂದ ಅಪ್ಪ. "ಓಡಿಸಿದ್ರೆ ದಾರಿ ಸಾಗ್ತದೆ, ಅವಕ್ಕೆ ಏನೂ ಕಾಣಲ್ಲ."

ಅಲ್ಲಿಂದ ಅವನ ತಯಾರಿ ಶುರುವಾಯಿತು. ಪ್ರತಿ ಭಾನುವಾರ ನಮ್ಮ ಮೂವರನ್ನೂ ದೊಡ್ಡಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದ. ಎಲ್ಲಿಗೆ ಬಂದಾಗ ಗಂಗಣ್ಣ ನೀರಿಗೆ ಕಲ್ಲು ಎಸೆಯಲು ನಿಲ್ಲುತ್ತಾನೆ, ಎಲ್ಲಿ ಪುಟ್ಟರಂಗ ಕೂತುಬಿಡುತ್ತಾನೆ, ಎಲ್ಲಿ ನನಗೆ ಸಿಟ್ಟು ಬರುತ್ತದೆ ಎಂದು ಗುರುತು ಮಾಡಿಕೊಂಡ. ನನ್ನ ಸಿಟ್ಟು ಎಲ್ಲರಿಗಿಂತ ಮೊದಲು ಬರುತ್ತಿತ್ತಂತೆ. ಹೊಸ ಲಾಳ ಹೊಡೆದ ವಾರ ದೂರ ಕರೆದೊಯ್ಯಬಾರದು ಎಂದು ಹೊಸ ಚಪ್ಪಲಿಗಳನ್ನು ಎರಡು ತಿಂಗಳು ಮುಂಚೆಯೇ ಹೊಲಿಸಿ ಸವೆಸಿದ. ದಸರಾ ರಜೆಯಲ್ಲಿ ಗದ್ದಲಕ್ಕೆ ಬೆದರುತ್ತಾರೆ ಎಂದು ಡಿಸೆಂಬರಿಗೆ ಗೊತ್ತುಮಾಡಿದ. ಕೊನೆಗೆ ಅವನು ತೀರ್ಮಾನಿಸಿದ್ದು ಇಷ್ಟೇ. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ, ನಡುವೆ ಊಟ ಮತ್ತು ನಿದ್ದೆ. ಮೊದಲ ಬೆಳಿಗ್ಗೆ ಪ್ರಯಾಣಕ್ಕೇ ಹೋಗುವುದರಿಂದ ಎರಡು ದಿನಕ್ಕೆ ಒಟ್ಟು ಮೂರು. ಅಷ್ಟು ದೂರ ರೈಲಿನಲ್ಲಿ ಹೋಗಿ ಮಲಗಿ ಬರುತ್ತೀಯಾ ಎಂದು ಮೇಷ್ಟ್ರು ಮತ್ತೆ ನಕ್ಕರು.

ಅವ್ವನನ್ನು ಕರೆದೊಯ್ಯುವ ಯೋಚನೆ ಮೊದಲು ಯಾರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಎಮ್ಮೆ ಕರೆಯುವವರು ಬೇಕಲ್ಲ. ಆದರೆ ಒಂದು ಭಾನುವಾರ ಏರಿಯ ನಟ್ಟನಡುವೆ ಪುಟ್ಟರಂಗ ಹೆಜ್ಜೆ ಎತ್ತಲಾರೆ ಎಂದು ಹಟ ಹಿಡಿದ. ಅಪ್ಪ ಗದರಿದ, ಹೆಗಲಿಗೆ ಕರೆದ, ಯಾವುದೂ ನಡೆಯಲಿಲ್ಲ. ಅಷ್ಟರಲ್ಲಿ ಏರಿಯ ಆ ತುದಿಗೆ ಅವ್ವ ಬುತ್ತಿ ಹೊತ್ತು ಬಂದಳು. ಅವಳು ನಮ್ಮನ್ನು ಹೆಸರು ಹಿಡಿದು ಕೂಗುವವಳಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಟಕ್ ಟಕ್ ಎಂದು ಎರಡು ಸಲ ಸದ್ದು ಮಾಡುತ್ತಿದ್ದಳು, ಊಟಕ್ಕೆ ಬನ್ನಿ ಎಂದು ಅರ್ಥ. ಆ ಸದ್ದು ಕೇಳಿದ್ದೇ ತಡ, ನಡೆಯಲಾರದ ಪುಟ್ಟರಂಗ ನಮ್ಮೆಲ್ಲರಿಗಿಂತ ಮುಂದೆ ಓಡಿದ.

ಅಪ್ಪ ಅದನ್ನು ನೋಡಿದ. ತಾಯಿಯಿಲ್ಲದೆ ಮರಿ ಲಾರಿ ಹತ್ತುವುದಿಲ್ಲ, ನೀನೂ ಹೊರಡು ಎಂದು ಅವಳಿಗೆ ಹೇಳಿದ. ಮೈಸೂರು ನೋಡು ಬಾ ಎಂದು ಕರೆಯಲಿಲ್ಲ, ನಾವು ಚದುರದಂತೆ ನೋಡಿಕೊಳ್ಳಲು ಕರೆದ. ನನಗೆ ಸಿಟ್ಟು ಬಂತು. ಅವ್ವನಿಗೆ ಬರಲಿಲ್ಲ. ಎಮ್ಮೆಯನ್ನು ಪಕ್ಕದ ಮನೆಯ ಮರಿಯಮ್ಮನಿಗೆ ಒಪ್ಪಿಸಿ, ಪುಳಿಯೋಗರೆ ಕಟ್ಟಿಕೊಂಡು, ಮದುವೆಯ ಸೀರೆ ಉಟ್ಟು ಹೊರಟಳು.

ಹುಲಿಯೂರುದುರ್ಗದ ಮೇಲೆ ಮದ್ದೂರಿಗೆ ಬಸ್ಸು, ಮದ್ದೂರಿನಿಂದ ರೈಲು. ಮಧ್ಯಾಹ್ನ ಮೈಸೂರಿನ ಒಂದು ಛತ್ರದಲ್ಲಿ ಇಳಿದು, ಅಪ್ಪನ ಕಟ್ಟಳೆಯಂತೆ ಎಲ್ಲರೂ ಮಲಗಿದೆವು. ಸಂಜೆ ಅರಮನೆಯ ಹೆಬ್ಬಾಗಿಲಿನ ಎದುರು ನೆಲದ ಮೇಲೆ ಕೂತೆವು. ಬೇರೆ ಊರಿನ ಶಾಲೆಯ ಮಕ್ಕಳು ಸಾಲಾಗಿ ಬಂದು, ನೋಡಿ, ಮೇಷ್ಟ್ರ ಹಿಂದೆ ಓಡಿದರು. ನಾವು ಬಿಸಿಲು ಇಳಿಯುವ ತನಕ ಕೂತೇ ಇದ್ದೆವು. ಪುಟ್ಟರಂಗ ಗೋಪುರ ಎಣಿಸಿದ, ಗಂಗಣ್ಣ ಕಾವಲುಗಾರನ ಮೀಸೆಯನ್ನು ಅಳತೆ ಮಾಡಿದ, ನಾನು ಬಿಸಿಲಿನ ಜೊತೆ ಗೋಡೆಯ ಬಣ್ಣ ಬದಲಾಗುವುದನ್ನು ನೋಡಿದೆ. ಆ ಅರಮನೆ ನನಗೆ ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಅಪ್ಪ ಮಾಡಿದ್ದು ಸರಿಯಾಗಿತ್ತು, ಅದನ್ನು ನಾನು ಅವನಿಗೆ ಯಾವತ್ತೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಸರದಾರನ ಸರದಿ. ಹಿಂದೆ ಕುಣಿಗಲ್ ಫಾರಂನಲ್ಲಿದ್ದ ಓಬಳಯ್ಯ ಈಗ ಮೈಸೂರಿನ ಪೊಲೀಸ್ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ. ಅಪ್ಪ ನನ್ನ ಕೈಯಲ್ಲೇ ಕಾರ್ಡು ಬರೆಸಿ ತಿಳಿಸಿದ್ದರಿಂದ, ಅವನು ಕುದುರೆ ಮೈದಾನದ ಬೇಲಿಯ ಹತ್ತಿರ ನಮಗಾಗಿ ಕಾದಿದ್ದ. ಕವಾಯತು ಮುಗಿದು ಕುದುರೆಗಳನ್ನು ಹುಲ್ಲಿಗೆ ಬಿಟ್ಟಿದ್ದರು. ಹಣೆಯಲ್ಲಿ ಬಿಳಿ ಚುಕ್ಕೆ, ಹಿಂದಿನ ಎಡಗಾಲಿಗೆ ಬಿಳಿ ಪಟ್ಟಿ. ಸರದಾರನನ್ನು ನಾನೇ ಮೊದಲು ಕಂಡೆ. ಎಷ್ಟು ದೊಡ್ಡದಾಗಿತ್ತು, ಮೈ ಎಷ್ಟು ಮಿರುಗುತ್ತಿತ್ತು. ಹಾಲು ಕುಡಿಸಿ ಉಳಿಸಿದ್ದು ನಮ್ಮ ಮನೆಯವರು ಎಂದು ಎದೆ ಉಬ್ಬಿತು.

ಅಪ್ಪ ಬೇಕೆಂದೇ ಹಳೆಯ ಖಾಕಿ ಕೋಟು ತೊಟ್ಟು ಬಂದಿದ್ದ. ಗುಂಡಿ ಹಾಕಿಕೊಂಡು, ಬೇಲಿ ಹಿಡಿದು ನಿಂತು, ಮರಿಗಳನ್ನು ಕರೆಯುವ ಶಿಳ್ಳೆ ಹಾಕಿದ. ಸರದಾರ ಹುಲ್ಲು ಮೇಯುತ್ತಿತ್ತು. ಮತ್ತೊಂದು ಸಲ ಹಾಕಿದ. ಆ ಮೈದಾನದಲ್ಲಿ ನಾಲ್ಕು ಕಡೆ ನಾಲ್ಕು ಜನ ಅದೇ ಥರ ಶಿಳ್ಳೆ ಹಾಕುತ್ತಿದ್ದರು. ಅಪ್ಪ ಹೆಸರು ಹಿಡಿದು ಕರೆದ, ಕೋಟು ಬಿಚ್ಚಿ ಬೀಸಿದ. ಕುದುರೆ ಒಂದು ಸಲ ಇತ್ತ ನೋಡಿ, ಬಾಲ ಆಡಿಸಿ, ಪಕ್ಕದ ಹುಲ್ಲಿಗೆ ಬಾಯಿ ಹಾಕಿತು. ಅಲ್ಲಿದ್ದ ಪೇದೆ ಮುಖ ತಿರುಗಿಸಿ ನಕ್ಕ. ಓಬಳಯ್ಯ ತನ್ನ ಕಾಲು ನೋಡಿಕೊಂಡ.

ಅಪ್ಪನ ಕಿವಿಗಳು ಕೆಂಪಾದವು. ಕೋಟನ್ನು ನಿಧಾನವಾಗಿ ಮಡಿಸಿ ತೋಳಿನ ಮೇಲೆ ಹಾಕಿಕೊಂಡ. ಅಂಗಾಲು ನೋಡಿ, ಕೆರೆ ಏರಿ ಹತ್ತಿಸಿ ನನಗೆ ಸಿಟ್ಟು ಬರಿಸಿದ ಮನುಷ್ಯ ಹಾಗೆ ನಿಂತದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಮೇಷ್ಟ್ರು, ಕ್ಲಾಸಿನ ಹುಡುಗಿಯರು, ಎಲ್ಲರನ್ನೂ ಮರೆತು ನನಗೆ ಅಳು ಬಂತು.

ಈ ನಡುವೆ ಪುಟ್ಟರಂಗನ ಮೇಲೆ ಯಾರಿಗೂ ಗಮನವಿರಲಿಲ್ಲ. ಅವನು ಬೇಲಿಯ ಕೆಳಗೆ ನುಸುಳಿ ಮೈದಾನದೊಳಗೆ, ಕುದುರೆಗಳ ಕಡೆಗೆ ನಡೆದಿದ್ದ. ಮೊದಲು ನೋಡಿದವಳು ಅವ್ವ. ಕೂಗಿದರೆ ಕುದುರೆಗಳು ಬೆದರುತ್ತವೆ ಎಂದು ಅವಳಿಗೆ ಗೊತ್ತಿತ್ತು. ನಾಲಿಗೆ ಒತ್ತಿ, ಟಕ್ ಟಕ್ ಎಂದಳು.

ಪುಟ್ಟರಂಗ ನಿಂತು ತಿರುಗಿದ. ಅವನಾಚೆ ಸರದಾರ ತಲೆ ಎತ್ತಿತು. ಬಾಯಲ್ಲಿ ಹುಲ್ಲು ಹಾಗೇ ಇತ್ತು, ಕಿವಿ ಎರಡೂ ಮುಂದಕ್ಕೆ ನಿಮಿರಿದ್ದವು. ಅವ್ವ ಇನ್ನೊಂದು ಸಲ ಸದ್ದು ಮಾಡಿದಳು, ಮಗನಿಗೆಂದೇ ಮಾಡಿದಳು. ಮಗ ಓಡಿ ಬಂದ. ಅವನ ಪಕ್ಕದಲ್ಲೇ, ಅವನನ್ನು ಸೋಕದಂತೆ, ಕುದುರೆಯೂ ಬಂತು. ನಾವು ಯಾರೂ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಬೇಲಿಯ ಮೇಲಿಂದ ಕತ್ತು ಚಾಚಿ, ಅವ್ವನ ಸೊಂಟದ ಹತ್ತಿರ ಸೆರಗಿನ ಗಂಟಿಗೆ ಮೂತಿ ತುರುಕಿತು.

"ಹುರುಳಿ ತಂದಿಲ್ಲ ಕಣಪ್ಪ," ಅಂದಳು ಅವ್ವ. "ನೀನು ನೆನಪಿಟ್ಕೊಂಡಿರ್ತೀಯ ಅಂತ ನನಗೇನು ಗೊತ್ತು."

ಆಗಲೇ ನಮಗೆ ತಿಳಿದದ್ದು. ಆ ನಲವತ್ತು ದಿನ ಮುಗಿದ ಮೇಲೂ ಅವಳು ಬಿಟ್ಟಿರಲಿಲ್ಲ. ಅಪ್ಪನಿಗೆ ಬುತ್ತಿ ಕೊಡಲು ಫಾರಂಗೆ ಹೋದಾಗಲೆಲ್ಲ ಬೇಲಿಯ ಹತ್ತಿರ ನಿಂತು, ನಮ್ಮನ್ನು ಕರೆಯುವ ಹಾಗೆಯೇ ಕರೆದು, ಸೆರಗಿನಿಂದ ಒಂದು ಹಿಡಿ ಬೇಯಿಸಿದ ಹುರುಳಿ ತಿನ್ನಿಸುತ್ತಿದ್ದಳು. ಮೂರು ವರ್ಷ. ಅದನ್ನು ಹೇಳುವಂಥ ವಿಷಯವೆಂದು ಅವಳಿಗೆ ಅನಿಸಿರಲೇ ಇಲ್ಲ.

ನಕ್ಕಿದ್ದ ಪೇದೆ ಹತ್ತಿರ ಬಂದು, ಈ ಕುದುರೆ ಯಾರಿಗೂ ಹೀಗೆ ಬಗ್ಗುವುದಿಲ್ಲ, ಇದನ್ನು ಸಾಕಿದವರು ಯಾರು ಎಂದು ಕೇಳಿದ. ನಾನು ಅಪ್ಪನ ಮುಖ ನೋಡಿದೆ. ಅವನು ಅವ್ವನನ್ನೂ ಕುದುರೆಯನ್ನೂ ನೋಡಿದ. ಆಮೇಲೆ ಬೇಲಿಯಿಂದ ಕೈ ತೆಗೆದು, ಸಾಹೇಬರ ಮುಂದೆ ನಿಲ್ಲುವ ಹಾಗೆ ನೆಟ್ಟಗೆ ನಿಂತ.

"ಹೊಂಬಾಳಮ್ಮ ಅಂತ," ಅಂದ. "ನನ್ನ ಹೆಂಡ್ತಿ."

ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹೇಳುವುದಿಲ್ಲ. ಅಪ್ಪನ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಅವ್ವ ತಲೆ ಬಗ್ಗಿಸಿ ಕುದುರೆಯ ಹಣೆ ಸವರುತ್ತಲೇ ಇದ್ದಳು. ಓಬಳಯ್ಯ ಎಲ್ಲಿಂದಲೋ ಒಂದು ಬೊಗಸೆ ಹುರುಳಿ ತಂದುಕೊಟ್ಟ. ಆ ಸಂಜೆ ಹೋಗಬೇಕಿದ್ದ ಮೃಗಾಲಯಕ್ಕೆ ನಾವು ಹೋಗಲಿಲ್ಲ, ಊಟ ನಿದ್ದೆ ಮುಗಿಸಿ ಮತ್ತೆ ಅದೇ ಬೇಲಿಯ ಹತ್ತಿರ ಬಂದು ಕೂತೆವು. ಅವ್ವನನ್ನು ಅವಸರ ಮಾಡಬೇಡಿ ಎಂದು ಅಪ್ಪ ನಮಗೆ ಹೇಳಿದ.

ಊರಿಗೆ ಬಂದ ದಿನವೇ ಜಯರಾಮಯ್ಯ ಮೇಷ್ಟ್ರು ಜಗುಲಿಗೆ ಬಂದರು. ಹದಿನಾಲ್ಕರಲ್ಲಿ ಎಷ್ಟು ನೋಡಿದಿರಿ ಎಂದು ಕೇಳಿ, ಒಂದು ಎಂಬ ಉತ್ತರಕ್ಕೆ ಮನಸಾರೆ ನಕ್ಕರು. ಆಮೇಲೆ ನಿಜವಾಗಿ ಕೇಳಬೇಕಾದದ್ದನ್ನು ಕೇಳಿದರು. ಕುದುರೆ ಗುರುತು ಹಿಡಿಯಿತೇ?

ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದೆ. ಹಿಡಿಯಿತು ಎಂದು ಅಪ್ಪ ಒಂದೇ ಮಾತು ಹೇಳಿದರೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ, ಕುಣಿಗಲ್ಲಿನಲ್ಲಿ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಅಪ್ಪ ಎದ್ದು ಒಳಗೆ ಬಂದು, ಒಲೆಯ ಮುಂದೆ ಇದ್ದ ಅವ್ವನನ್ನು ಜಗುಲಿಗೆ ಕರೆದುಕೊಂಡು ಹೋಗಿ ಮೇಷ್ಟ್ರ ಎದುರು ನಿಲ್ಲಿಸಿದ.

"ಹಿಡೀತು ಮೇಷ್ಟ್ರೇ. ಸಾಕಿದೋಳ ಗುರುತು ಹಿಡೀತು," ಅಂದ. "ಕೋಟು ಮಾತ್ರ ನಂದು."