ಪುನಿ ಸಾಲಿನಲ್ಲಿ ಯಾಕೆ ಹಾಡುವುದಿಲ್ಲ?

ನಾವು ತೈವಾನಿನ ಬೆಟ್ಟದ ಬುನುನ್ ಜನ. ನಮ್ಮೂರಲ್ಲಿ ಯಾರಿಗಾದರೂ ಎಲೆಕೋಸು ಬೆಳೆಯಲು ಬಾರದಿದ್ದರೆ ಕರೆದು ಕಲಿಸುತ್ತಾರೆ. ಹಾಡಲು ಬಾರದಿದ್ದರೆ ಮಾತ್ರ ಎದುರಿಗೇ ಲೊಚಗುಟ್ಟುತ್ತಾರೆ. ನಾಲ್ಕು ಜನ ಸೇರಿದರೆ ನಾಲ್ಕು ದನಿಯಲ್ಲಿ ಹಾಡು ಶುರುವಾಗುವ ಊರು ಇದು.

ನಾನು ಅಬುಸ್. ಇಲ್ಲಿನ ಚರ್ಚ್ ಶಾಲೆಯಲ್ಲಿ ಟೀಚರ್. ಮೂವತ್ತೊಂದು ಮಕ್ಕಳು, ಮೂವರು ಟೀಚರುಗಳು, ಪಕ್ಕದಲ್ಲಿ ಒಂದು ತುಂಡು ನವಣೆ ಹೊಲ. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಕಸ ಗುಡಿಸುವುದು, ಆಮೇಲೆ ಪಾಠ. ಮಧ್ಯಾಹ್ನ ಚರ್ಚಿನ ಹೆಂಗಸರು ಸರದಿಯ ಮೇಲೆ ಬಂದು ಅಡುಗೆ ಮಾಡುತ್ತಾರೆ. ಸುಗ್ಗಿಯ ಭಾನುವಾರ ಮಕ್ಕಳು ಚರ್ಚಿನಲ್ಲಿ ಎರಡು ಸಾಲಾಗಿ ನಿಂತು ಹಾಡಬೇಕು. ಅವತ್ತು ಇಡೀ ಊರು ಬರುತ್ತದೆ. ಕಿವಿ ಅರಳಿಸಿಕೊಂಡೇ ಬರುತ್ತದೆ.

ಹೋದ ವರ್ಷ ಆ ಹಾಡಿಗೆ ಅಡ್ಡ ಬಂದವಳು ಎಂಟು ವರ್ಷದ ಪುನಿ. ಹಾಗೆಂದು ನಾನು ಅಂದುಕೊಂಡಿದ್ದೆ. ಅಂಗಳದಲ್ಲಿ ನಮ್ಮ ಹಳೆಯ ಪದ್ಧತಿಯಂತೆ ದುಂಡಗೆ ನಿಂತು ಹಾಡುವಾಗ ಪುನಿ ಚೆನ್ನಾಗಿಯೇ ದನಿ ಕೂಡಿಸುತ್ತಿದ್ದಳು. ಚರ್ಚಿನೊಳಗೆ ಸಾಲಿನಲ್ಲಿ ನಿಲ್ಲಿಸಿದರೆ ಸಾಕು, ಎಲ್ಲರೂ ಏರಿದಾಗ ಅವಳು ಇಳಿಯುವಳು, ಎಲ್ಲರೂ ನಿಲ್ಲಿಸಿದಾಗ ಅವಳೊಬ್ಬಳೇ ಕೂಗುವಳು. ಮಕ್ಕಳೆಲ್ಲ ಕಿಸಕ್ಕನೆ ನಗುವರು.

"ಹೊರಗೆ ಬರುತ್ತೆ, ಒಳಗೆ ಬರಲ್ವಾ? ಹಟ ಮಾಡ್ತೀಯಾ?" ಎಂದು ಬೈದೆ. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಕೊನೆಗೆ, "ಆಯ್ತು, ನೀನು ಬಾಯಿ ಮಾತ್ರ ಆಡಿಸು. ಸದ್ದು ಮಾಡ್ಬೇಡ" ಎಂದೆ.

ಆ ಮಾತು ಆಡಿದವಳು ನಾನೇ. ಈ ಕಥೆ ಬರೆಯುತ್ತಿರುವುದೂ ಅದಕ್ಕೇ.

ಆ ವಾರ ಆರೋಗ್ಯ ಕೇಂದ್ರದ ನರ್ಸ್ ಉಮಾವ್ ಮಕ್ಕಳ ತೂಕ, ಎತ್ತರ ನೋಡಲು ಶಾಲೆಗೆ ಬಂದಳು. ನಮ್ಮೂರ ಹುಡುಗಿಯೇ. ಅಂದು ಬುಧವಾರ, ಹಿರಿಯರು ಶಾಲೆಗೆ ಬಂದು ಮಕ್ಕಳ ಜೊತೆ ಹೊಲದಲ್ಲಿ ಕಳೆ ಕೀಳುವ ದಿನ. ಪುನಿಯ ಅಜ್ಜಿಯೂ ಬಂದಿದ್ದರು. ಅವರ ಹೆಸರೂ ಪುನಿಯೇ. ಮೊದಲ ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರಿಡುವುದು ನಮ್ಮ ರೂಢಿ. ಚರ್ಚಿನಲ್ಲಿ ನಲವತ್ತು ವರ್ಷ ಮೊದಲ ದನಿ ಎತ್ತಿದವರು ಈ ಅಜ್ಜಿ.

ಉಮಾವ್ ಹಾಡಿನ ಅಭ್ಯಾಸ ನೋಡಿದಳು. ಸಾಲಿನಲ್ಲಿ ನೋಡಿದಳು, ದುಂಡಗೆ ನಿಂತಾಗಲೂ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, "ಅಬುಸಕ್ಕಾ, ಇನ್ನೊಂದ್ಸಲ ದುಂಡಗೇ ನಿಲ್ಸು. ಆದ್ರೆ ಬೆನ್ನು ಒಳಗೆ, ಮುಖ ಹೊರಗೆ" ಎಂದಳು.

"ಇದೇನೇ ಹೊಸ ಆಟ?"

"ನಿಲ್ಸು, ಗೊತ್ತಾಗುತ್ತೆ."

ನಿಲ್ಲಿಸಿದೆ. ಅದೇ ಅಂಗಳ, ಅದೇ ಹಾಡು, ಅದೇ ಮಕ್ಕಳು. ಹಾಡು ಶುರುವಾಯಿತು. ಪುನಿ ಸುಮ್ಮನೆ ನಿಂತಿದ್ದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಪಕ್ಕದವಳ ತುಟಿ ಅಲ್ಲಾಡುವುದು ಕಂಡಿತೇನೋ, ತಾನೂ ಬಾಯಿ ಆಡಿಸತೊಡಗಿದಳು. ಸದ್ದಿಲ್ಲ. ನಾನು ಹೇಳಿಕೊಟ್ಟ ಹಾಗೆಯೇ.

ನಾನು ಉಮಾವ್ ಕಡೆ ತಿರುಗಿದೆ.

"ಹಟ ಅಲ್ಲಕ್ಕಾ" ಎಂದಳು ಉಮಾವ್. "ಅವಳು ಬಾಯಿ ನೋಡ್ಕೊಂಡು ಹಾಡ್ತಾಳೆ. ಅವಳಿಗೆ ಸರಿಯಾಗಿ ಕೇಳಿಸ್ತಿಲ್ಲ."

ಹೊಲದ ಬದುವಿನಲ್ಲಿ ಕೂತಿದ್ದ ಅಜ್ಜಿ ಧಡಕ್ಕನೆ ಎದ್ದರು. "ಏನಂದೆ? ನನ್ನ ಹೆಸರಿಟ್ಕೊಂಡಿರೋ ಮಗು ಕಿವುಡೀನಾ? ನಾಲಿಗೆ ಬಿಗಿ ಹಿಡಿದು ಮಾತಾಡು, ಉಮಾವ್! ನಿನ್ನ ಚಡ್ಡಿ ಒಗೆದಿರೋಳು ನಾನು!"

"ಒಗೆದಿದೀರಿ ಅಜ್ಜಿ, ನಾನೆಲ್ಲಿ ಇಲ್ಲ ಅಂದೆ? ಒಂದೇ ಮಾತು ಹೇಳಿ. ಪುನಿ ಕಿವಿ ಸೋರುತ್ತಾ?"

"ಸೋರುತ್ತೆ. ಯಾವ ಮಗುಗೆ ಸೋರಲ್ಲ? ನೆಗಡಿ ಬಂದಾಗ ಸೋರುತ್ತೆ, ನೆಗಡಿ ಹೋದ್ಮೇಲೆ ನಿಲ್ಲುತ್ತೆ. ಕಾಡುಹಂದಿ ಕೊಬ್ಬು ಕಾಯ್ಸಿ ಎರಡು ತೊಟ್ಟು ಬಿಡ್ತೀನಿ, ಅಷ್ಟೆ."

"ಎಷ್ಟು ವರ್ಷದಿಂದ?"

ಅಜ್ಜಿ ಲೆಕ್ಕ ಹಾಕಿದರು. "ಮೂರು... ನಾಲ್ಕು ಅಂತಿಟ್ಕೋ."

"ಅಜ್ಜಿ, ಕಿವಿ ಒಳಗೆ ತೆಳ್ಳನೆ ಪೊರೆ ಇರುತ್ತೆ. ಅದರ ಹಿಂದೆ ಕೀವು ತುಂಬಿದ್ರೆ ಪೊರೆ ತೂತಾಗುತ್ತೆ. ತೂತಾದ ಕಿವಿಗೆ ಎಣ್ಣೆ, ಕೊಬ್ಬು, ನೀರು ಏನೂ ಬಿಡ್ಬಾರ್ದು. ಸೋರೋದು ನಿಂತ್ರೂ ಒಳಗೆ ಅಂಟು ಹಾಗೇ ಉಳ್ಕೊಳ್ಳುತ್ತೆ. ಮಗುಗೆ ನೋವಿರಲ್ಲ, ಅಳಲ್ಲ, ಹೇಳಲ್ಲ. ಕೇಳಿಸೋದು ಮಾತ್ರ ಕಮ್ಮಿ ಆಗ್ತಾ ಹೋಗುತ್ತೆ. ಬೇಗ ತೋರ್ಸಿದ್ರೆ ಬಹಳಷ್ಟು ವಾಪಸ್ ಬರುತ್ತೆ. ತಡ ಮಾಡಿದ್ರೆ ಬರಲ್ಲ."

"ಅವಳಿಗೆ ಕೇಳುತ್ತೆ! ನಾನು ಹೇಳಿದ್ದೆಲ್ಲ ಮಾಡ್ತಾಳೆ. ನನ್ನ ಹಾಡು ಅಂದ್ರೆ ಜೀವ. ಎದುರಿಗೆ ಕೂತು ಕಣ್ಣು ಮಿಟುಕಿಸದೆ..." ಅಜ್ಜಿಯ ಮಾತು ಅಲ್ಲಿಗೇ ನಿಂತಿತು.

"ಅದೇ ಅಜ್ಜಿ" ಎಂದಳು ಉಮಾವ್ ಮೆಲ್ಲಗೆ. "ನಿಮ್ಮ ಹಾಡನ್ನ ಅವಳು ನೋಡಿದಾಳೆ. ಕೇಳಿಲ್ಲ."

ಅಜ್ಜಿ ಮುಖ ಊದಿಸಿಕೊಂಡು ಮೊಮ್ಮಗಳ ಕೈ ಹಿಡಿದು ಹೊರಟೇಹೋದರು. ಸುಗ್ಗಿ ಮುಗಿಯುವ ತನಕ ಪೇಟೆಯೂ ಇಲ್ಲ, ಡಾಕ್ಟರೂ ಇಲ್ಲ ಎಂದು ಶಾಲೆಯ ಗೇಟಿನಿಂದಲೇ ಕೂಗಿದರು. ಅವರ ಮಗ ಬಿಯುಂಗ್, ಅಂದರೆ ಪುನಿಯ ಅಪ್ಪ, ಕೋಸಿನ ಲಾರಿ ಓಡಿಸುತ್ತಾನೆ. ಅಮ್ಮನ ಮಾತು ಮೀರುವವನಲ್ಲ.

ಮರುದಿನ ನಾನು ಶಾಲೆಯ ಬೀಗ ತೆಗೆಯುವಷ್ಟರಲ್ಲಿ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು.

"ಅಬುಸ್" ಎಂದರು. "ನಿನ್ನೆ ಮನೇಲಿ ಹಂದಿಮಾಂಸ ಬೇಯ್ಸಿದ್ದೆ. ಅವಳು ಬೆನ್ನು ಹಾಕಿ ಕೂತು ಬರೀತಿದ್ಲು. ಹಿಂದೆ ನಿಂತು, ಮಾಂಸ ಬೆಂದಿದೆ, ತಿನ್ನೋಕೆ ಬಾರೇ ಅಂದೆ. ತಿರುಗ್ಲಿಲ್ಲ. ಇನ್ನೂ ಹತ್ರ ಹೋಗಿ ಅಂದೆ. ಮಾಂಸಕ್ಕೂ ತಿರುಗ್ಲಿಲ್ಲ ಕಣೇ."

ಅಷ್ಟು ಹೇಳಿ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಾನೂ ಪಕ್ಕದಲ್ಲಿ ಕೂತು ನನ್ನ ತಪ್ಪು ಹೇಳಿಕೊಂಡೆ. "ಬಾಯಿ ಮಾತ್ರ ಆಡಿಸು ಅಂದ್ಬಿಟ್ಟೆ ಅಜ್ಜಿ." ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಬಿಯುಂಗ್ ಅವತ್ತೇ ಕೋಸನ್ನು ಹೊಲದಲ್ಲೇ ಬಿಟ್ಟು, ಮಗಳನ್ನು ಕೂರಿಸಿಕೊಂಡು ಲಾರಿ ಹೊರಡಿಸಿದ. ಎರಡು ಗಂಟೆಯ ಇಳಿಜಾರು ದಾರಿ. ಪೇಟೆಯ ಕಿವಿ ಡಾಕ್ಟರು ನೋಡಿದರು. ಬಲಗಿವಿಯ ಪೊರೆ ತೂತಾಗಿತ್ತು. ಎಡಗಿವಿಯ ಪೊರೆಯ ಹಿಂದೆ ಅಂಟು ತುಂಬಿತ್ತು. ಕಿವಿ ಶುಚಿ ಮಾಡಿದರು, ಔಷಧ ಕೊಟ್ಟರು, ಕೆಲವು ವಾರ ಕಳೆದ ಮೇಲೆ ಅಂಟು ಹೊರಬರಲೆಂದು ಎಡಗಿವಿಯ ಪೊರೆಗೆ ಸಣ್ಣದೊಂದು ನಳಿಗೆ ಇಟ್ಟರು. ಸುಗ್ಗಿಯ ಭಾನುವಾರ ಪುನಿ ಹಾಡಲಿಲ್ಲ. ಆ ದಿನ ಅವಳು ಅಪ್ಪನ ಜೊತೆ ಪೇಟೆಯ ಆಸ್ಪತ್ರೆಯಲ್ಲಿದ್ದಳು.

ಈಗ ಎಡಗಿವಿ ಹೆಚ್ಚುಕಡಿಮೆ ಸರಿಯಾಗಿದೆ. ಬಲಗಿವಿಯಲ್ಲಿ ಅರ್ಧದಷ್ಟು ಮಾತ್ರ ಕೇಳುತ್ತದೆ. ಮುಂದೆ ಶಸ್ತ್ರಚಿಕಿತ್ಸೆ ಮಾಡಬಹುದು, ಆದರೆ ಪೂರ್ತಿ ಬರುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಬೇರೆ ಮಾತಿತ್ತು ಎಂದರಂತೆ.

ಮೊನ್ನೆ ಬುಧವಾರ ಮತ್ತೆ ಹಿರಿಯರು ಹೊಲಕ್ಕೆ ಬಂದಿದ್ದರು. ಪುನಿ ಮುಂದಿನ ಸಾಲಿನಲ್ಲಿ ಕಳೆ ಕೀಳುತ್ತಿದ್ದಳು, ಅಜ್ಜಿ ಅವಳ ಹಿಂದಿನ ಸಾಲಿನಲ್ಲಿ. ಇದ್ದಕ್ಕಿದ್ದಂತೆ ಪುನಿ ಕೈ ನಿಲ್ಲಿಸಿ ತಿರುಗಿದಳು.

"ಅಜ್ಜಿ, ಹಾಡಿದ್ದು ನೀನಾ?"

"ಹಾಡಿದ್ನಾ? ಗೊತ್ತೇ ಆಗ್ಲಿಲ್ಲ ನೋಡು. ಕೆಲಸ ಮಾಡ್ವಾಗ ಸುಮ್ನೆ ಗುನುಗ್ತೀನಿ."

"ಯಾವಾಗ್ಲೂನಾ?"

"ಯಾವಾಗ್ಲೂ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?" ಎಂದು ಪುನಿ ಸಿಟ್ಟು ಮಾಡಿಕೊಂಡಳು.

ಅಜ್ಜಿ ಮತ್ತೆ ಹಾಡಿದರು, ಈ ಸಲ ಬೇಕೆಂದೇ, ಸ್ವಲ್ಪ ದೊಡ್ಡದಾಗಿ. ಪುನಿ ಅವರಿಗೆ ಬೆನ್ನು ಹಾಕಿಯೇ ದನಿ ಕೂಡಿಸಿದಳು.

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಜ್ಜಿ, ಟೀಚರೇ, ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ಮಗುವಿನ ಹಿಂದೆ ಒಂದು ತೋಳಿನಷ್ಟು ದೂರ ನಿಂತು, ಅದರ ಒಂದು ಕಿವಿ ಮುಚ್ಚಿ, ಅದಕ್ಕೆ ಇಷ್ಟವಾದ ತಿಂಡಿಯ ಹೆಸರನ್ನು ಪಿಸುಗುಟ್ಟಿ. ಆಮೇಲೆ ಇನ್ನೊಂದು ಕಿವಿ. ತಿರುಗದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ತಿರುಗಿದರೂ ಕಿವಿ ಸೋರುತ್ತಿದ್ದರೆ ಹೋಗಿ. ಎಣ್ಣೆ ಬಿಡಬೇಡಿ, ಸುಗ್ಗಿ ಮುಗಿಯಲಿ ಎನ್ನಬೇಡಿ. ಹೇಳಿದ ಮಾತು ಕೇಳುವುದಿಲ್ಲ ಎಂದು ಮಗುವನ್ನು ಬೈಯುವ ಮೊದಲು, ಆ ಮಾತು ಅದಕ್ಕೆ ಕೇಳಿಸಿತೇ ಎಂದು ನೋಡಿ. ನಾನು ನೋಡಿರಲಿಲ್ಲ.