ದರ್ಜಿಯ ಒಳಜೇಬು

ಸೊಳ್ಳೆಪರದೆ ಕಟ್ಟು, ಕುದಿಸಿದ ನೀರನ್ನೇ ಕುಡಿ, ಕತ್ತಲಾದ ಮೇಲೆ ಹೊರಗೆ ಕಾಲಿಡಬೇಡ ಎಂದು, ದರ್ಜಿ ಈಗ ಕೆಲಸಕ್ಕೆ ಹೊರಟಿದ್ದ ಸುಡುಬಿಸಿಲಿನ ದೇಶದಲ್ಲಿ ಮೊದಲೇ ದುಡಿದು ಬಂದಿದ್ದ ಭಾವ ಹೇಳಿದ್ದಕ್ಕೆಲ್ಲ ಅವನು ತಲೆಯಾಡಿಸಿದ.

"ಪಾಸ್‌ಪೋರ್ಟ್ ಮಾತ್ರ ಮೈಗೇ ಅಂಟ್ಕೊಂಡಿರ್ಲಿ. ಕಣ್ಣು ಮುಚ್ಚಿ ತೆಗೆಯೋಷ್ಟರಲ್ಲಿ ಎಗರಿಸಿಬಿಡ್ತಾರೆ."

ದರ್ಜಿ ಮೊದಲೇ ಪುಕ್ಕಲ. ಅಂಗಿಗೊಂದು ಒಳಜೇಬು ಇಟ್ಟು, ಪಾಸ್‌ಪೋರ್ಟ್ ಇಳಿಸಿ, ಜೇಬಿನ ಬಾಯಿಗೂ ಎರಡೆರಡು ಹೊಲಿಗೆ ಹಾಕಿಬಿಟ್ಟ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಪಾಸ್‌ಪೋರ್ಟ್ ಕೇಳಿದ. ದರ್ಜಿ ಎಳೆದ, ಜಗ್ಗಿದ. ಅವನ ಹೊಲಿಗೆ ಅವನಿಗೇ ಜಗ್ಗಲಿಲ್ಲ. ಕತ್ತರಿ ಒಯ್ಯಬೇಡ ಎಂದಿದ್ದವನೂ ಭಾವನೇ.

ಕಳಿಸಲು ಬಂದಿದ್ದ ಹೆಂಡತಿ ಅವನ ಎದೆಗೆ ಬಾಗಿ, ಹಲ್ಲಿನಿಂದಲೇ ದಾರ ಕಡಿದು, ಪಾಸ್‌ಪೋರ್ಟ್ ತೆಗೆದುಕೊಟ್ಟಳು.

"ಹೋದ ತಕ್ಷಣ ಇದಕ್ಕೊಂದು ಗುಂಡಿ ಹಾಕ್ಕೊಳ್ಳಿ" ಎಂದಳು. "ಅಲ್ಲಿ ದಾರ ಕಡಿಯೋಕೆ ನಾನಿರಲ್ಲ."