ಮಾನ್ಯತೆ ಪಡೆದ ತಾಯಿ

ನಾಯಿಮರಿ ಮಾರುವವರ ಮನೆಗಳನ್ನು ತಪಾಸಣೆ ಮಾಡಿ ಮಾನ್ಯತೆ ಕೊಡುವುದು ನನ್ನ ಗಂಡನ ಕೆಲಸ. ಹಾಗಾಗಿ ನನ್ನ ಅಕ್ಕನಿಗೊಂದು ಮರಿ ಆರಿಸಿಕೊಡುವುದು ಅವರಿಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆವು.

ಅಕ್ಕನ ಹಿಂದಿನ ನಾಯಿ ಎರಡೇ ವರ್ಷಕ್ಕೆ, ಆಡುತ್ತಾ ಆಡುತ್ತಲೇ ಕುಸಿದು ಸತ್ತಿತ್ತು. ತಾಯಿಯಿಂದ ಬಂದ ಹೃದಯದ ಕಾಯಿಲೆ ಎಂದರು ಡಾಕ್ಟರು. ಆ ತಾಯಿಯನ್ನು ಅಕ್ಕ ನೋಡಿಯೇ ಇರಲಿಲ್ಲ. "ಇನ್ನೊಂದ್ಸಲ ಹಾಗಾದ್ರೆ ನನ್ನ ಕೈಲಿ ತಡೆಯೋಕಾಗಲ್ಲ ಕಣೇ," ಎಂದಿದ್ದಳು. ಹೊಲಿಗೆ ಮೆಷಿನ್ನಿನ ಪಕ್ಕ ಅದರ ಹಾಸಿಗೆ ಹಾಗೇ ಇತ್ತು.

"ಅತ್ತಿಗೆ, ನಾನೇ ಪಾಸು ಮಾಡಿರೋ ಮನೆ. ತಾಯೀನ ಕಣ್ಣಾರೆ ನೋಡಿದೀನಿ, ಬಂಗಾರದಂಥ ನಾಯಿ," ಎಂದರು ನನ್ನವರು, ಎದೆ ತಟ್ಟಿಕೊಂಡು.

"ಬರ್ತೀವಿ ಅಂತ ಮೊದಲೇ ಹೇಳಿ ಹೋಗಿದ್ರಾ?" ಎಂದೆ.

"ಹೇಳದೆ ಹೋಗೋ ಹಾಗಿಲ್ಲ. ನಿಯಮ."

"ನೆಂಟರು ಬರ್ತಾರೆ ಅಂದ್ರೆ ನಾನೂ ಮನೆ ಗುಡಿಸ್ತೀನಿ. ಈ ಸಲ ಹೇಳದೆ ಹೋಗೋಣ ನಡೀರಿ."

ಹೋದೆವು. ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ ಮಾನ್ಯತಾ ಪತ್ರ, ಅದರಲ್ಲಿ ನನ್ನವರ ಸಹಿ ರಾರಾಜಿಸುತ್ತಿತ್ತು. ನಮ್ಮನ್ನು ಕಂಡು ಯಜಮಾನಿಯ ಮುಖ ಸಪ್ಪಗಾಯಿತು. ಒಂದು ಮರಿ ಅಕ್ಕನ ಮಡಿಲೇರಿ ಬೆರಳು ಚೀಪತೊಡಗಿತು.

"ಇದರ ತಾಯಿ ಎಲ್ಲಿ?" ಅಕ್ಕ ಕೇಳಿದಳು.

"ಡಾಕ್ಟರ್ ಹತ್ರ ಹೋಗಿದೆ, ಸಂಜೆ ಬರತ್ತೆ."

ಅಕ್ಕ ಮರಿಯನ್ನು ಕೆಳಗಿಳಿಸಿದಳು. ಹೊರಗೆ ಬಂದೆವು.

ಪಕ್ಕದ ಮನೆಯ ಗೇಟಿನಿಂದ ಹರಿದ ಕಿವಿಯ ನಾಯಿಯೊಂದು ಓಡಿ ಬಂದು ನನ್ನವರ ಮೈಮೇಲೆ ಹಾರಿ ಮುಖ ನೆಕ್ಕಿತು.

"ನೋಡಿ ಅತ್ತಿಗೆ, ಇದೇ ತಾಯಿ! ವಾಪಸ್ ಬಂತು!"

ಗಿಡಕ್ಕೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜಿ ನಕ್ಕುಬಿಟ್ಟರು. "ಯಾವ ತಾಯಿ? ಇದು ನಮ್ಮನೇದು. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ ಎಷ್ಟೋ ಕಾಲ ಆಯ್ತು. ಆಫೀಸಿನವರು ಬರೋ ದಿನ ಈ ಮರಿ ಮಾರೋರು ಕೇಳಿ ಕರ್ಕೊಂಡು ಹೋಗ್ತಾರೆ. ಪಾಪ, ಸಾಧು ಪ್ರಾಣಿ."

ನನ್ನವರ ಮುಖ ನೋಡಲಾಗಲಿಲ್ಲ. "ತಾಯಿ ಇದೆಯಾ ಅಂತ ಬರ್ಕೋಬೇಕಿತ್ತು. ಇತ್ತು, ಬರ್ಕೊಂಡೆ," ಎಂದು ಗೊಣಗಿದರು. ಆ ಕ್ಷಣ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು.

"ಹಾಗಾದ್ರೆ ನಿಜವಾದ ತಾಯಿ?" ಅಕ್ಕ ಕೇಳಿದಳು.

"ಅವರ ಹಿತ್ತಲಲ್ಲಿದೆ ಕಣಮ್ಮ. ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು ಬಿಡ್ತಾ ಕೂತ್ಬಿಡತ್ತೆ."

ಅಕ್ಕ ಸರ್ರನೆ ಹಿಂತಿರುಗಿ ಒಳನುಗ್ಗಿದಳು. ನಾವೂ ಹಿಂದೆಯೇ ಓಡಿದೆವು. ನನ್ನವರು ಕುರ್ಚಿ ಹತ್ತಿ ಗೋಡೆಯ ಮೇಲಿನ ಚೌಕಟ್ಟನ್ನು ಇಳಿಸಿದರು. ಹಾಗೆ ಇಳಿಸಲು ಯಾವ ನಿಯಮವೂ ಇರಲಿಲ್ಲ. ಯಜಮಾನಿ ಅವರ ಜೊತೆ ಜಗಳಕ್ಕಿಳಿದಾಗ ಅಕ್ಕ ಹಿತ್ತಲಿನಿಂದ ಬಂದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಎಲುಬು ಕಾಣುವ ನಾಯಿ.

"ಇದನ್ನ ನಾನು ಕರ್ಕೊಂಡು ಹೋಗ್ತೀನಿ."

"ಅದನ್ನಾ? ಹಾಗೇ ತಗೊಂಡು ಹೋಗಿ," ಎಂದಳು ಯಜಮಾನಿ.

ನಾನು ಅಕ್ಕನ ತೋಳು ಹಿಡಿದೆ. "ಅಕ್ಕಾ, ತಡೆಯೋಕಾಗಲ್ಲ ಅಂದಿದ್ದೆ."

"ಈ ಸಲ ಕಾಯಿಲೆ ಇದೆ ಅಂತ ಮೊದಲೇ ಗೊತ್ತಿದೆಯಲ್ಲ. ಔಷಧಿ ಹಾಕ್ತೀನಿ."

ಬೀದಿಯಲ್ಲಿ ನಾಯಿ ನಾಲ್ಕು ಹೆಜ್ಜೆ ಇಟ್ಟು ಕೂತಿತು. ಅಕ್ಕನೂ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತು, ಅದು ಏಳುವವರೆಗೆ ಕಾದಳು.